ಕೋಣೆ ಬಾಗಿಲಿನ ಒಳಮೈ

ಆಗ ನಾನು ರಾಮನಗರದ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸುಗಳಿಗೆ ಅಕ್ಷರ ಕೂರಿಸುವುದು, ಮೂಲೆಗೊಂದು ಗಣಪತಿ ಹಾಕುವುದು, ಅಂಚಿಗೆ ಬಳ್ಳಿ ಹಬ್ಬಿಸುವುದು ನನ್ನ ಕೆಲಸ. ಬಿಡದಿ ಕಡೆಯಿಂದ ಕಾರ್ಖಾನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ ಅದು. ಸೈಟು ಮಾರುವವರು, ಹೊಸದಾಗಿ ಹೋಟೆಲು ಇಡುವವರು, ಹುಟ್ಟುಹಬ್ಬ ಮಾಡಿಕೊಳ್ಳುವ ಮುಖಂಡರು, ಎಲ್ಲರಿಗೂ ಆಳೆತ್ತರದ ಫ್ಲೆಕ್ಸು ಬೇಕಿತ್ತು. ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ನಗುವ ಮುಖಗಳ ಹಿನ್ನೆಲೆ ಕತ್ತರಿಸಿ ಕತ್ತರಿಸಿ ನನ್ನ ಕಣ್ಣು ಉರಿಯುತ್ತಿತ್ತು.

ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮಗಳ ಮದುವೆಯ ಪತ್ರಿಕೆ ಮಾಡಿಸಲು ಬಂದವರು, ನಾನು ಬಿಲ್ಲಿನ ಹಿಂಬದಿಯಲ್ಲಿ ಗೀಚಿದ್ದ ಬಳ್ಳಿಯನ್ನು ನೋಡಿ, "ಇದನ್ನ ಎಲ್ಲಿ ಕಲಿತೆಯಮ್ಮ?" ಎಂದು ಕೇಳಿದರು. ಎಲ್ಲೂ ಇಲ್ಲ ಸಾರ್ ಅಂದೆ. ಹಾಗಾದರೆ ಭಾನುವಾರ ಬಾ ಅಂದರು. ಅವರದೊಂದು ಸಣ್ಣ ಗುಂಪು. ಭಾನುವಾರ ಬೆಳಿಗ್ಗೆ ಎಲ್ಲಾದರೂ ಹೋಗಿ ಕೂತು ಚಿತ್ರ ಬರೆಯುತ್ತಿದ್ದರು. ಬೆಟ್ಟದ ಬಂಡೆಗಳನ್ನು, ಚನ್ನಪಟ್ಟಣದ ಬೊಂಬೆ ಅಂಗಡಿಗಳನ್ನು, ರೈಲು ನಿಲ್ದಾಣದಲ್ಲಿ ಕಾಯುವವರನ್ನು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿದ್ದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಒಬ್ಬ ಯುವಕ ಇಂಜಿನಿಯರಿದ್ದ. ಇನ್ನು ಕೆಲವರು ಬರುತ್ತಿದ್ದರು, ಬಿಡುತ್ತಿದ್ದರು. ಅವರ ನಡುವೆ ಪಿಯುಸಿ ದಾಟದವಳು ನಾನೊಬ್ಬಳೇ. ಆದರೂ ಅಲ್ಲಿ ಕೂತಾಗ ನನಗೆ ಯಾರ ಮುಂದೆಯೂ ಕೀಳು ಅನಿಸುತ್ತಿರಲಿಲ್ಲ. ಪೆನ್ಸಿಲು ಹಿಡಿದ ಮೇಲೆ ಎಲ್ಲರೂ ಸುಮ್ಮನಾಗುತ್ತಿದ್ದರು. ಆ ಮೌನ ನನಗೆ ಬೇಕಿತ್ತು.

ಒಂದು ಭಾನುವಾರ ಕನಕಪುರ ರಸ್ತೆಯ ಒಂದು ಕಲಾಕೇಂದ್ರಕ್ಕೆ ಹೋಗುವುದೆಂದಾಯಿತು. ಯಾರೋ ಕಲಾಪ್ರೇಮಿಗಳು ಮಾವಿನ ತೋಪಿನಲ್ಲಿ ಕಟ್ಟಿಸಿದ್ದು. ಹಳೆ ಮನೆಗಳ ಕಂಬ, ಬಾಗಿಲು, ರಾಗಿಕಲ್ಲು, ಮುಖವಾಡ ಎಲ್ಲ ಅಲ್ಲಿವೆ, ಇಡೀ ದಿನ ಕೂತು ಬರೆಯಬಹುದು ಎಂದು ಮೇಷ್ಟ್ರು ಹೇಳಿದ್ದರು. ಅವ್ವ ಬೆಳಗಾಗೆದ್ದು ಚಿತ್ರಾನ್ನ ಕಲೆಸಿ ಡಬ್ಬಿಗೆ ತುಂಬಿಕೊಟ್ಟಳು.

"ಒಸಿ ಜಾಸ್ತಿನೇ ಹಾಕಿವ್ನಿ. ಆ ಬ್ಯಾಂಕ್ ಅಮ್ಮಂಗೂ ಕೊಡು" ಅಂದಳು.

ಟೆಂಪೋ ಟ್ರಾವೆಲರ್ ಬಿಡದಿಯಿಂದ ಹಾರೋಹಳ್ಳಿ ರಸ್ತೆ ಹಿಡಿಯಿತು. ನನಗೆ ಅದು ನಮ್ಮೂರಿನ ದಾರಿ. ನಮ್ಮ ಮನೆ, ಮನೆ ಹಿಂದಿನ ಹೊಲ ಎರಡೂ ಕೈಗಾರಿಕಾ ಪ್ರದೇಶಕ್ಕೆ ಹೋಗಿದ್ದವು. ಅಪ್ಪ ತೀರಿಕೊಂಡ ಮೇಲೆ ಆದದ್ದು ಅದು. ಚಿಕ್ಕಪ್ಪ ಮುಂದೆ ನಿಂತು ಮನೆ ಬಿಚ್ಚಿಸಿದರು. ಹೆಂಚು, ತೊಲೆ, ಬಾಗಿಲು ಎಲ್ಲವನ್ನೂ ಚನ್ನಪಟ್ಟಣದ ಹಳೆ ಮರದ ವ್ಯಾಪಾರಿಯೊಬ್ಬ ಲಾರಿಗೆ ಹೇರಿಕೊಂಡು ಹೋದ. ಅವ್ವ ಮತ್ತು ನಾನು ರಾಮನಗರಕ್ಕೆ ಬಂದು ಬಾಡಿಗೆ ಮನೆ ಹಿಡಿದೆವು. ಅವ್ವ ಮೂಲೆಯ ಹೂವಿನ ಅಂಗಡಿಗೆ ಮೊಳ ಕಟ್ಟಿಕೊಡುತ್ತಿದ್ದಳು.

ಕಿಟಕಿಯಿಂದ ನಾನು ಹೊರಗೇ ನೋಡುತ್ತಿದ್ದುದನ್ನು ಕಂಡು ಬ್ಯಾಂಕಿನ ಅಕ್ಕ ಕೇಳಿದರು. "ಏನಿದೆ ಅಲ್ಲಿ?"

"ನಮ್ಮನೆ ಇತ್ತಕ್ಕ."

"ಎಲ್ಲಿ?"

"ಆ ಕಾಂಪೌಂಡ್ ಒಳಗೆ. ಆ ನೀರಿನ ಟ್ಯಾಂಕ್ ಇದೆಯಲ್ಲ, ಹೆಚ್ಚುಕಮ್ಮಿ ಅದೇ ಜಾಗ."

ಅವರು ಅಯ್ಯೋ ಅಂದರು. ನನಗೆ ಅಂಥ ದುಃಖವೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಆ ಮನೆ ಇಲ್ಲವಾದದ್ದು ನನಗೆ ಹಗುರವೇ ಆಗಿತ್ತು. ಅದನ್ನು ಅಕ್ಕನಿಗೆ ಹೇಳಲಿಲ್ಲ.

ಕಲಾಕೇಂದ್ರ ಚೆನ್ನಾಗಿತ್ತು. ಗೋಡೆಗಳಿಲ್ಲದ ಉದ್ದನೆಯ ಹೆಂಚಿನ ಚಪ್ಪರ. ಹಳೆ ಕಂಬಗಳು ಅದನ್ನು ಹೊತ್ತಿದ್ದವು. ಒಳಗೆ ಬಾಗಿಲುಗಳನ್ನು ಕಲ್ಲಿನ ಪೀಠದ ಮೇಲೆ ನೇರ ನಿಲ್ಲಿಸಿದ್ದರು. ಗೋಡೆಯಿಲ್ಲದ ಬಾಗಿಲುಗಳು, ಸಾಲಾಗಿ. ಅವುಗಳ ನಡುವೆ ನಡೆಯುವಾಗ ಯಾರದೋ ಮನೆಗೆ ಹೇಳದೆ ನುಗ್ಗಿದ ಹಾಗೆ ಅನಿಸುತ್ತಿತ್ತು. ಸಂಗ್ರಹ ನೋಡಿಕೊಳ್ಳುತ್ತಿದ್ದವರು ಬಿಳಿ ಗಡ್ಡದ, ಮೆಲುದನಿಯ ಮನುಷ್ಯ. ನಮಗೆ ಒಂದೊಂದನ್ನೇ ತೋರಿಸುತ್ತ ಬಂದರು. ಚಪ್ಪರದ ಕೊನೆಗೆ ಬಂದಾಗ, "ಇದು ನಮ್ಮಲ್ಲಿರೋದರಲ್ಲೇ ಅಪರೂಪದ್ದು" ಅಂದರು.

ನಾನು ಹಿಂದೆ ನಿಂತಿದ್ದೆ. ಮೊದಲು ಕಂಡದ್ದು ಬಾಗಿಲಿನ ಕೆಳಮೂಲೆಯ ತಗಡು. ಇಲಿ ಕೊರೆದ ತೂತಿಗೆ ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ ಹೊಡೆದಿದ್ದರು. ತಗಡಿನ ಮೇಲೆ ಅರ್ಧ ಅಳಿಸಿದ ಸೂರ್ಯಕಾಂತಿ ಹೂವು. ಆ ಹೂವನ್ನು ನಾನು ಬಲ್ಲೆ. ಚಿಕ್ಕವಳಿದ್ದಾಗ ಅದರ ಎಸಳನ್ನು ಬೆರಳಿನಿಂದ ಎಷ್ಟು ಸಲ ಸವರಿದ್ದೆನೋ. ಆಮೇಲೆ ಕಣ್ಣು ಮೇಲಕ್ಕೆ ಹೋಯಿತು.

"ಧಾನ್ಯದ ಕೋಣೆ ಬಾಗಿಲು ಇದು" ಎಂದು ಅವರು ಹೇಳುತ್ತಿದ್ದರು. "ಒಳಮೈಯಲ್ಲಿ ಗೆರೆ ಕೊರೆದಿದ್ದಾರೆ ನೋಡಿ. ಅದಕ್ಕೇ ಒಳಮೈ ಕಾಣೋ ಹಾಗೆ ನಿಲ್ಲಿಸಿದೀವಿ. ಇದು ಮನೆ ಕಾಯೋ ದೇವರು ಇರಬೇಕು, ಕೈಯಲ್ಲಿ ದಂಡ ಇದೆ. ಎದುರಿಗೆ ಬಾಗಿ ನಿಂತಿರೋಳು ಭಕ್ತೆ. ಸುತ್ತ ಬಿದ್ದಿರೋ ಈ ಅರ್ಧಚಂದ್ರದಂಥ ಗುರುತುಗಳು ಕಾಳು ಅಂತ ನನ್ನ ಊಹೆ. ಧಾನ್ಯ ತುಂಬಿ ಚೆಲ್ಲಲಿ ಅನ್ನೋ ಹರಕೆ. ಎಷ್ಟು ಕಡಿಮೆ ಗೆರೆಯಲ್ಲಿ ಎಷ್ಟು ಹೇಳಿದಾರೆ ನೋಡಿ."

ಎಲ್ಲರೂ ಹತ್ತಿರ ಬಾಗಿ ನೋಡಿದರು. ನನ್ನ ಕಿವಿ ಬಿಸಿಯಾಯಿತು. ಕಂಬ ಹಿಡಿದುಕೊಂಡೆ.

ಅದನ್ನು ಕೊರೆದವಳು ನಾನು. ಎರಡನೇ ಕ್ಲಾಸೋ ಮೂರನೇ ಕ್ಲಾಸೋ ಆಗ. ನಮ್ಮಪ್ಪ ಊರಿನಲ್ಲಿ ನ್ಯಾಯ ಹೇಳುವ ಮನುಷ್ಯ. ಅಣ್ಣತಮ್ಮಂದಿರ ಜಗಳ, ಬದುವಿನ ತಕರಾರು, ಗಂಡ ಹೆಂಡಿರ ಮನಸ್ತಾಪ ಎಲ್ಲಕ್ಕೂ ಜನ ನಮ್ಮ ಜಗಲಿಗೆ ಬರುತ್ತಿದ್ದರು. ಅಪ್ಪ ಸಮಾಧಾನವಾಗಿ ಎರಡೂ ಕಡೆ ಕೇಳಿ ಒಂದು ಮಾತು ಹೇಳಿದರೆ ಅದು ನಿಲ್ಲುತ್ತಿತ್ತು. ಅವರೆಲ್ಲ ಹೋದ ಮೇಲೆ, ಕೆಲವು ದಿನ, ಒಳಗೆ ಬೇರೆ ನಡೆಯುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದೋ, ನೀರು ಕೊಡುವುದು ತಡವಾಯಿತೆಂದೋ. ಅಪ್ಪನ ದನಿ ಬದಲಾದ ಕೂಡಲೇ ಅವ್ವ ನನ್ನ ತೋಳು ಹಿಡಿದು ರಾಗಿ ಕೋಣೆಗೆ ತಳ್ಳುತ್ತಿದ್ದಳು. "ಕಣ್ಮುಚ್ಕೊಂಡು ಕೂತಿರು ಮಗ, ಈಗ್ಲೇ ಬತ್ತೀನಿ" ಎಂದು ಹೇಳಿ ಹೊರಗಿನಿಂದ ಚಿಲಕ ಹಾಕುತ್ತಿದ್ದಳು.

ನಾನು ಕಣ್ಣು ಮುಚ್ಚುತ್ತಿರಲಿಲ್ಲ. ಎರಡು ಹಲಗೆಗಳ ನಡುವೆ ಸೀಳಿತ್ತು. ಅದಕ್ಕೆ ಕಣ್ಣಿಟ್ಟರೆ ನಡುಮನೆ ಕಾಣುತ್ತಿತ್ತು. ಅಪ್ಪನ ಕೈಯಲ್ಲಿ ಎತ್ತು ಹೊಡೆಯುವ ಬಾರುಕೋಲು. ಅವ್ವ ಬಾಗಿ ಎರಡೂ ಕೈಯನ್ನು ತಲೆಗೆ ಅಡ್ಡ ಹಿಡಿದಿರುತ್ತಿದ್ದಳು. ನೆಲದ ಮೇಲೆ ಒಡೆದ ಗಾಜಿನ ಬಳೆ ಚೂರುಗಳು. ಗೋಣಿ ಹೊಲಿಯುವ ದಬ್ಬಳ ಕೋಣೆಯ ಗೂಡಿನಲ್ಲಿ ಇರುತ್ತಿತ್ತು. ಅದರಲ್ಲೇ ಕೊರೆದೆ. ಒಂದೇ ದಿನ ಅಲ್ಲ, ಆಗಾಗ, ಸ್ವಲ್ಪ ಸ್ವಲ್ಪ. ಹೊಸ ಚೂರು ಬಿದ್ದಾಗಲೆಲ್ಲ ಒಂದೊಂದು ಅರ್ಧಚಂದ್ರ.

ಬಾಗಿಲು ತೆರೆದಾಗ ಒಳಮೈ ಗೋಡೆಗೆ ಒರಗುತ್ತಿತ್ತು. ಕೋಣೆಯೊಳಗೆ ಕತ್ತಲು. ಯಾರೂ ನೋಡಿರಲಿಲ್ಲ.

ಮೇಷ್ಟ್ರು ಎಲ್ಲರೂ ಬೇಕಾದ ಕಡೆ ಕೂತು ಬರೆಯಿರಿ ಅಂದರು. ಮುಕ್ಕಾಲು ಜನ ಆ ಬಾಗಿಲಿನ ಮುಂದೆಯೇ ಕೂತರು. ನಾನು ದೂರ ಹೋಗಿ ಒಂದು ರಾಗಿಕಲ್ಲಿನ ಎದುರು ಕೂತೆ. ಪೆನ್ಸಿಲು ಓಡಲಿಲ್ಲ. ಚಪ್ಪರದ ಆಚೆ ಪೆನ್ಸಿಲುಗಳ ಸರಸರ ಸದ್ದು ಕೇಳುತ್ತಿತ್ತು. ಯಾವಾಗಲೂ ನನಗೆ ಹಿತವಾಗಿದ್ದ ಆ ಸದ್ದೇ ಅವತ್ತು ಮೈಮೇಲೆ ಹರಿಯುವ ಹಾಗಿತ್ತು. ಅವ್ವನ ಬಾಗಿದ ಬೆನ್ನನ್ನು ಅವರೆಲ್ಲ ಅಳತೆ ಹಿಡಿಯುತ್ತಿದ್ದರು. ಒಬ್ಬರು ಎದ್ದು ಮೊಬೈಲಿನಲ್ಲಿ ಫೋಟೋ ತೆಗೆದರು. ಎದ್ದುಹೋಗಿ ಬಾಗಿಲಿಗೆ ಅಡ್ಡ ನಿಲ್ಲಬೇಕು ಅನಿಸಿತು. ಏನೆಂದು ಹೇಳಿ ನಿಲ್ಲಲಿ? ಊಟದ ಹೊತ್ತಿಗೆ ಅವ್ವನ ಚಿತ್ರಾನ್ನ ಎಲ್ಲರಿಗೂ ಹಂಚಿ ಹೋಯಿತು. ಇಂಜಿನಿಯರ್ ಹುಡುಗ ಎರಡು ಸಲ ಹಾಕಿಸಿಕೊಂಡ. ನಿಮ್ಮಮ್ಮನ ಕೈರುಚಿ ಚೆನ್ನಾಗಿದೆ ಅಂದ. ನನಗೆ ಒಂದು ತುತ್ತೂ ಇಳಿಯಲಿಲ್ಲ.

ಸಂಜೆ ಹೊರಡುವ ಮುಂಚೆ ಎಲ್ಲರ ಚಿತ್ರವನ್ನೂ ನೆಲದ ಮೇಲೆ ಜೋಡಿಸಿ ಮಾತಾಡುವುದು ಗುಂಪಿನ ಪದ್ಧತಿ. ಮಾವಿನ ಮರದ ಕೆಳಗಿನ ಕಟ್ಟೆ ಮೇಲೆ ಹಾಳೆಗಳು ಹರಡಿಕೊಂಡವು. ಎಲ್ಲೆಲ್ಲೂ ಅದೇ. ಒಬ್ಬರು ಇದ್ದಿಲಿನಲ್ಲಿ, ಒಬ್ಬರು ಕೆಂಪು ಬಣ್ಣದಲ್ಲಿ, ಒಬ್ಬರು ಅಪ್ಪನ ತಲೆಯ ಹಿಂದೆ ಪ್ರಭಾವಳಿಯನ್ನೂ ಇಟ್ಟಿದ್ದರು. ಬ್ಯಾಂಕಿನ ಅಕ್ಕ ಅವ್ವನ ಮುಖಕ್ಕೆ ಶಾಂತವಾದ ನಗುವೊಂದನ್ನು ಕೊಟ್ಟು, ತಲೆಗೆ ಅಡ್ಡ ಹಿಡಿದ ಕೈಗಳನ್ನು ಮುಗಿದ ಕೈಗಳನ್ನಾಗಿ ಮಾಡಿದ್ದರು. ಚೆನ್ನಾಗಿ ಬರೆಯುತ್ತಿದ್ದರು ಅವರು. ಅದನ್ನೇ ಮೇಷ್ಟ್ರು ಎತ್ತಿ ಹಿಡಿದು ಮೆಚ್ಚಿಕೊಂಡರು. ಕೊನೆಗೆ ನನ್ನ ಖಾಲಿ ಹಾಳೆಯತ್ತ ನೋಡಿದರು.

"ಯಾಕಮ್ಮ, ಮೈಗೆ ಹುಷಾರಿಲ್ವಾ?"

ಹೌದು ಸಾರ್ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಮುಗಿದ ಕೈಗಳು ಅಲ್ಲೇ ಕಣ್ಣೆದುರಿಗಿದ್ದವು.

"ಅದು ದೇವರಲ್ಲ ಸಾರ್. ಅದು ನಮ್ಮಪ್ಪ."

ಇಂಜಿನಿಯರ್ ಹುಡುಗ ತಮಾಷೆ ಅಂದುಕೊಂಡು ನಕ್ಕ. ಅವನೊಬ್ಬನೇ ನಕ್ಕದ್ದರಿಂದ ಬೇಗನೆ ನಿಲ್ಲಿಸಿದ.

"ಬಗ್ಗಿರೋದು ನಮ್ಮವ್ವ. ಕಾಳಲ್ಲ ಅವು, ಬಳೆ ಚೂರು. ನಾನೇ ಕೊರೆದಿದ್ದು. ಆ ಬಾಗಿಲು ನಮ್ಮನೇದು."

ಹೇಳಿದ್ದು ಅಷ್ಟೇ. ಅಕ್ಕ ನಿಧಾನವಾಗಿ ತಮ್ಮ ಹಾಳೆಯನ್ನು ಮಗುಚಿ ಹಾಕಿದರು. ಅವರನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು. ಕಟ್ಟೆಯ ಮೇಲೆ ಬಿಳೀ ಬೆನ್ನುಗಳು ಮಾತ್ರ ಉಳಿದವು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮೈಯೆಲ್ಲ ನಾಚಿಕೆಯಿಂದ ಕುಗ್ಗಿಹೋಯಿತು. ಅವ್ವ ಇಷ್ಟು ವರ್ಷ ಸೆರಗಿನಿಂದ ಮುಚ್ಚಿಟ್ಟದ್ದನ್ನು, ಅವಳ ಕೈಯಡುಗೆ ಉಂಡವರ ಮುಂದೆಯೇ ಬಿಚ್ಚಿಟ್ಟಿದ್ದೆ. ನಮ್ಮಪ್ಪ ಹೆಂಡತಿಗೆ ಹೊಡೆಯುತ್ತಿದ್ದವನು ಎಂಬುದು ಇನ್ನು ಇವರಿಗೆಲ್ಲ ಗೊತ್ತು. ಅವನ ಮಗಳು ನಾನು ಎಂಬುದೂ.

ಬಿಳಿಗಡ್ಡದವರು ಬಹಳ ಹಿಂಜರಿಯುತ್ತ ಪಕ್ಕಕ್ಕೆ ಬಂದರು. "ತಪ್ಪು ತಿಳಿಯಬೇಡಮ್ಮ. ಇದು ಈಗ ಇನ್ನೂ ಮುಖ್ಯವಾದ ವಸ್ತು. ನೀನು ಹೇಳಿದ್ದನ್ನ ಫಲಕದಲ್ಲಿ ಬರೆಸಬಹುದಾ? ಹೆಸರು ಹಾಕಲ್ಲ."

"ಬೇಡ ಸಾರ್" ಅಂದೆ. ಅವರು ಒತ್ತಾಯ ಮಾಡಲಿಲ್ಲ.

ವಾಪಸು ಬರುವಾಗ ಗಾಡಿಯಲ್ಲಿ ಎಲ್ಲರೂ ನನ್ನ ಮೇಲೆ ಕರುಣೆಯಿಂದ ಇದ್ದರು. ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು, ನೀರಿನ ಬಾಟಲಿ ಕೈಗಿತ್ತರು. ಅಂಥ ಕರುಣೆ ಇನ್ನೊಂದು ಗಳಿಗೆ ಮುಂದುವರಿದಿದ್ದರೆ ನಡುದಾರಿಯಲ್ಲೇ ಇಳಿದುಬಿಡುತ್ತಿದ್ದೆ.

ಮನೆಯಲ್ಲಿ ಅವ್ವ ಖಾಲಿ ಡಬ್ಬಿ ನೋಡಿ ಖುಷಿಪಟ್ಟಳು. ನಾನು ಏನೂ ಹೇಳಲಿಲ್ಲ. ಮುಂದಿನ ಭಾನುವಾರ ತಲೆನೋವು ಅಂದೆ. ಅದರ ಮುಂದಿನ ಭಾನುವಾರ ಅಂಗಡಿಯಲ್ಲಿ ಕೆಲಸ ಅಂದೆ. ಒಂದು ಸಂಜೆ ಬ್ಯಾಂಕಿನ ಅಕ್ಕ ಹಣ್ಣು ಹಿಡಿದುಕೊಂಡು ಮನೆಗೇ ಬಂದರು. ಅವ್ವ ಸಂಭ್ರಮದಿಂದ ಚಾಪೆ ಹಾಸಿ ಕಾಫಿ ಕೊಟ್ಟಳು. ಅಕ್ಕ ಲೋಟ ತೆಗೆದುಕೊಳ್ಳುವಾಗ ಅವ್ವನ ಮುಂಗೈಯನ್ನು ನೋಡಿದರು. ಹಳೆಯದೊಂದು ಗಾಯದ ಗೆರೆ ಇದೆ ಅಲ್ಲಿ. ನೋಡಿ ಅವರ ಕಣ್ಣು ತುಂಬಿಕೊಂಡಿತು. ಹೊರಡುವಾಗ ಅವ್ವನ ಕಾಲಿಗೇ ಬಿದ್ದರು.

ಅವರು ಹೋದ ಮೇಲೆ ಅವ್ವ ಹೂವು ಕಟ್ಟಲು ಕೂರದೆ ನನ್ನೆದುರು ಬಂದು ನಿಂತಳು.

"ಯಾಕೆ ಆಯಮ್ಮ ನನ್ನ ಹಂಗ್ ನೋಡ್ತು? ನಾನೇನ್ ಸಾಯಕ್ಬಿದ್ದಿದೀನಾ?"

"ಏನಿಲ್ಲ ಕಣವ್ವ."

"ಏನೋ ಐತೆ. ಹೇಳು."

ಹೇಳಿದೆ. ಬಾಗಿಲು ಅಲ್ಲಿರುವುದು, ಒಳಮೈಯ ಗೆರೆಗಳು, ಜನ ಅದನ್ನು ಬರೆದದ್ದು, ನಾನು ಬಾಯಿಬಿಟ್ಟದ್ದು ಎಲ್ಲ. ಅವ್ವ ಬೈಯುತ್ತಾಳೆ ಅಂದುಕೊಂಡಿದ್ದೆ. ಊರಿನವರೆದುರು ಮಾನ ಕಳೆದೆ ಅನ್ನುತ್ತಾಳೆ, ಸತ್ತವರ ಮೇಲೆ ಹೇಳುತ್ತಾರೇನೇ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವ್ವ ಗೋಡೆಗೆ ಒರಗಿ ಮೆಲ್ಲಗೆ ಕೂತಳು. ಅವಳ ಮುಖ ಬಿಳುಚಿಕೊಂಡಿತ್ತು.

"ಊರ್ಗೆಲ್ಲ ಗೊತ್ತಿತ್ತು, ಬುಡು. ಗೋಡೆ ಪಕ್ಕದ ಮನೆಯೋರಿಗೆ ಕೇಳಿಸ್ತಾ ಇರ್ಲಿಲ್ವಾ?" ಅಂದಳು. ಆಮೇಲೆ, "ನೀನು ನೋಡಿದ್ದೆ ಅಂತ ಗೊತ್ತಿರ್ಲಿಲ್ಲ ಕಣ್ ಮಗ. ನೀನೊಬ್ಳು ನೋಡಿಲ್ಲ ಅಂದ್ಕಂಡಿದ್ದೆ."

ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಮದುವೆಮನೆಯಲ್ಲಿ ಹೊಸ ಹೆಣ್ಣು ಎಳೆದುಕೊಳ್ಳುವ ಹಾಗೆ, ನನ್ನಿಂದ ಮುಖ ಮರೆಮಾಡಿಕೊಂಡಳು. ನನ್ನೆದುರು ಅವಳು ನಾಚಿದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಆ ಕೋಣೆಗೆ ನನ್ನನ್ನು ತಳ್ಳಿ ಚಿಲಕ ಹಾಕಿದಾಗಲೆಲ್ಲ, ಒಂದನ್ನಾದರೂ ಉಳಿಸಿಕೊಂಡೆ ಎಂದು ಅವಳು ನಂಬಿದ್ದಳು. ಅದನ್ನೂ ಕಿತ್ತುಕೊಂಡಂತಾಯಿತು. ನಾನು ಅವಳ ಬುಟ್ಟಿಯಿಂದ ಹೂವು ತೆಗೆದು ಕಟ್ಟಲು ಶುರುಮಾಡಿದೆ. ನನಗೆ ಕಟ್ಟಲು ಬರುವುದಿಲ್ಲ. ಅವಳು ನೋಡಿಯೂ ತಿದ್ದಲಿಲ್ಲ.

ಎಷ್ಟೋ ದಿನ ಹಾಗೇ ಹೋಯಿತು. ಊಟಕ್ಕೆ ಬಡಿಸುವಾಗ ಅವಳು ನನ್ನ ಕಣ್ಣು ತಪ್ಪಿಸುತ್ತಿದ್ದಳು. ಸೀರೆ ಬದಲಿಸಬೇಕಾದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಮೇಲೊಂದು ಬೆಳಿಗ್ಗೆ, ಒಳ್ಳೆ ಸೀರೆ ಉಟ್ಟುಕೊಂಡು ಸಿದ್ಧವಾಗಿ ನಿಂತು, "ನಡಿ, ಅದೆಲ್ಲೈತೆ ತೋರ್ಸು" ಅಂದಳು.

ಬಸ್ಸಿನಲ್ಲಿ ಕನಕಪುರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಲಾಕೇಂದ್ರದ ಗೇಟಿಗಿಳಿದೆವು. ಬಿಳಿಗಡ್ಡದವರು ನನ್ನನ್ನು ಗುರುತು ಹಿಡಿದು, ಅವ್ವನನ್ನು ಕಂಡು ಕೈಮುಗಿದರು. ಅವ್ವ ಅವರತ್ತ ನೋಡದೆ ನೇರ ಚಪ್ಪರದ ಕೊನೆಗೆ ನಡೆದಳು. ಬಾಗಿಲಿನ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಗೆರೆಗಳು ಅವಳ ಸೊಂಟದ ಮಟ್ಟಕ್ಕಿದ್ದವು. ಬಾಗಿ, ಬಗ್ಗಿರುವ ಆ ಪುಟ್ಟ ಹೆಂಗಸಿನ ಮೇಲೆ ಅಂಗೈ ಇಟ್ಟಳು. ಅಂಗೈಯಲ್ಲಿ ಪೂರ್ತಿ ಮುಚ್ಚಿಹೋಯಿತು.

"ಸ್ವಾಮಿ" ಎಂದು ಕರೆದಳು. "ಇದನ್ನ ಒಸಿ ತಿರುಗ್ಸಿ ನಿಲ್ಸಕ್ಕಾಯ್ತದಾ?"

ಅವರು ನನ್ನ ಮುಖ ನೋಡಿದರು. "ಅಮ್ಮ, ಆ ಕಡೆ ಏನೂ ಇಲ್ವಲ್ಲ. ಬರೀ ಹಲಗೆ."

"ಇರ್ಲಿ. ಬರೀ ಹಲಗೆನೇ ಕಾಣ್ಲಿ."

ಅವರು ಗಡ್ಡ ಸವರಿಕೊಳ್ಳುತ್ತ ನಿಂತರು. ಇದು ಕೇಂದ್ರದ ವಸ್ತು, ತಾನೊಬ್ಬ ತೀರ್ಮಾನ ಮಾಡುವಂಥದ್ದಲ್ಲ ಎಂದರು. ಜನ ಇದನ್ನೇ ಹುಡುಕಿಕೊಂಡು ಬರುತ್ತಾರೆ ಎಂದೂ ಹೇಳಿದರು. ಅವ್ವ ವಾದ ಮಾಡಲಿಲ್ಲ. ಬಾಗಿಲಿನ ಮುಂದೆ ಬೆನ್ನು ಕೊಟ್ಟು ನಿಂತಳು ಅಷ್ಟೇ. ಬೆಂಗಳೂರಿನ ಕಡೆಯವರೊಂದು ಕುಟುಂಬ ಕ್ಯಾಮೆರಾ ಹಿಡಿದು ಬಂದು, ಅವಳು ಸರಿಯಲೆಂದು ಕಾದು, ಸರಿಯದಿದ್ದುದನ್ನು ನೋಡಿ ಮುಂದಿನ ಬಾಗಿಲಿಗೆ ಹೋಯಿತು. ನನಗೆ ನೆಲ ಬಿರಿಯಬಾರದೇ ಅನಿಸುತ್ತಿತ್ತು. ಅವ್ವ ಮಾತ್ರ ಕದಲಲಿಲ್ಲ. ನಾನು ಅವತ್ತು ಎದ್ದುಹೋಗಿ ನಿಲ್ಲಲಾರದ ಜಾಗದಲ್ಲಿ ಅವಳು ನಿಂತಿದ್ದಳು. ಕೊನೆಗೆ ಬಿಳಿಗಡ್ಡದವರೇ ಒಳಗೆ ಹೋಗಿ ಯಾರಿಗೋ ಫೋನು ಮಾಡಿ, ಇಬ್ಬರು ಆಳುಗಳನ್ನು ಕರೆದುಕೊಂಡು ಬಂದರು.

ಬಾಗಿಲು ತಿರುಗಿತು. ಹೊರಮೈ ಮಸಿ ಹಿಡಿದ ಹಲಗೆ, ಒಂದು ಚಿಲಕ, ಅಲ್ಲಲ್ಲಿ ಅರಿಶಿನ ಕುಂಕುಮದ ಹಳೆ ಕಲೆ. ಅವ್ವ ಸೆರಗಿನ ತುದಿಯಿಂದ ಚಿಲಕದ ಧೂಳು ಒರೆಸಿ, "ಬತ್ತೀವಿ ಸ್ವಾಮಿ" ಎಂದು ಹೊರಟಳು.

ಕನಕಪುರ ಬಸ್ ನಿಲ್ದಾಣದಲ್ಲಿ ರಾಮನಗರದ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತೆವು. ಅವ್ವ ಕಡಲೆಕಾಯಿ ಕೊಂಡಳು. ಸಿಪ್ಪೆ ಬಿಡಿಸುತ್ತ, ನನ್ನತ್ತ ನೋಡದೆ ಕೇಳಿದಳು.

"ಇನ್ನೇನೇನ್ ನೋಡಿದ್ದೆ?"

ಬೇಡ ಬಿಡವ್ವ ಅಂದೆ.

"ಹೇಳು. ನೀನೊಬ್ಳೇ ಇಟ್ಕಂಡಿದ್ದು ಸಾಕು."

ಒಂದೊಂದಾಗಿ ಹೇಳಿದೆ. ಹಬ್ಬದ ದಿನದ್ದು, ಮಾವ ಬಂದು ಹೋದ ದಿನದ್ದು, ಅವಳು ಕುಂಟುತ್ತ ನೀರು ತಂದದ್ದು. ಅವ್ವ ನಡುನಡುವೆ ತಲೆಯಾಡಿಸಿದಳು. ಕೆಲವು ಕಡೆ ತಿದ್ದಿದಳು. "ಇಲ್ಲ, ಅವತ್ತು ಅವ್ರು ಹೊಡ್ದಿರ್ಲಿಲ್ಲ, ನಾನೇ ಬಚ್ಚಲಲ್ಲಿ ಜಾರ್‌ಬಿದ್ದಿದ್ದು." ನಂಬಬೇಕೋ ಬೇಡವೋ ತಿಳಿಯಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಇಬ್ಬರ ಮುಖವೂ ಸುಡುತ್ತಿತ್ತು. ರಾಮನಗರದ ಬೋರ್ಡಿನ ಬಸ್ಸೊಂದು ಬಂದು ನಿಂತು, ಕಂಡಕ್ಟರ್ ಕೂಗಿ ಕೂಗಿ, ಹೊರಟುಹೋಯಿತು. ಅವ್ವ ಬಿಡಿಸಿದ ಕಡಲೆಕಾಯಿಯನ್ನು ನನ್ನ ಅಂಗೈಗೆ ಸುರಿದು, "ಆಮೇಲೆ?" ಅಂದಳು.